ನಡವಳಿಯಲ್ಲಿಲ್ಲದ ಮಾತು

ಜೂನ್ ೯

ಮಾನ್ಯ ಶಾಸಕಿಯವರಿಗೆ,

ಹೀಗೆ ಕರೆದೆನೆಂದು ನಗಬೇಡ ಪುಟ್ಟಿ, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ನಾಡಿದ್ದು ಅಧಿವೇಶನ ಶುರುವಾದ ಮೇಲೆ ನೀನು ನನಗೆ ಮಾನ್ಯ ಸದಸ್ಯೆ, ನಾನು ನಿನಗೆ ಯಾರೂ ಅಲ್ಲ. ಅದನ್ನು ತಿಳಿಸುವುದಕ್ಕೇ ಈ ಕಾಗದ. ಫೋನ್ ಮಾಡಿದರೆ ನಿನ್ನ ಸಹಾಯಕ ಎತ್ತಿ, ಮೇಡಮ್ ಮೀಟಿಂಗಲ್ಲಿದ್ದಾರೆ, ತಾವ್ಯಾರು ಎಂದು ಕೇಳುತ್ತಾನೆ. ನಾನು ಯಾರೆಂದು ಅವನಿಗೆ ವಿವರಿಸುವ ಉತ್ಸಾಹ ನನಗಿಲ್ಲ.

ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಉದ್ದನೆಯ ಮೇಜಿದೆ. ಶೀಘ್ರಲಿಪಿಯವರು ಕೂರುವ ಜಾಗ ಅದು. ಐದೈದು ನಿಮಿಷದ ಸರದಿ. ಸರದಿ ಮುಗಿದವರು ಮಹಡಿಗೆ ಹೋಗಿ, ಬರೆದುಕೊಂಡದ್ದನ್ನೆಲ್ಲ ಟೈಪ್ ಮಾಡಬೇಕು. ಅದೇ ಸದನದ ನಡವಳಿ. ಯಾರು ಏನೇ ಹೇಳಿರಲಿ, ನಡವಳಿಯಲ್ಲಿ ಇದ್ದರೆ ಹೇಳಿದಂತೆ, ಇಲ್ಲದಿದ್ದರೆ ಇಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಇದು. ನೀನು ಒಂದು ಸಲವೂ ಕೇಳಿರಲಿಲ್ಲ, ಅದಕ್ಕೆ ಹೇಳಿದೆ.

ಅಲ್ಲಿ ನನ್ನ ಕಡೆ ನೋಡಬೇಡ, ನಗಬೇಡ, ಊಟ ಆಯ್ತಾ ಎಂದು ಸನ್ನೆ ಮಾಡಬೇಡ. ನೀನು ಮಾಡುವವಳೇ. ಸಿಬ್ಬಂದಿಗೂ ಸದಸ್ಯರಿಗೂ ಸಲಿಗೆಯಿದೆ ಎಂದು ಯಾರಿಗೂ ಅನ್ನಿಸಬಾರದು. ನಮ್ಮ ಶೀಘ್ರಲಿಪಿ ವಿಭಾಗದ ಮೇಲಧಿಕಾರಿ ಮುಖ್ಯ ವರದಿಗಾರರಿಗೆ ಮಾತ್ರ ನೀನು ನನ್ನ ತಂಗಿಯೆಂದು ಬರೆದುಕೊಟ್ಟಿದ್ದೇನೆ. ಅವರು ಅದನ್ನು ಓದಿ, ನಿಮ್ಮ ಮೇಲೆ ನನಗೆ ನಂಬಿಕೆ ಇದೆಯಮ್ಮ ಎಂದು ಮಡಿಸಿ ಒಳಗಿಟ್ಟರು.

ಅಮ್ಮ ಚೆನ್ನಾಗಿದ್ದಾರೆ. ಎಣಿಕೆಯ ದಿನ ಟೀವಿ ಮುಂದಿನಿಂದ ಏಳಲಿಲ್ಲ. ನೀನು ಗೆದ್ದದ್ದು ಕೇಳಿ ಕೆಳಗಿನ ಮನೆಯವರೆಲ್ಲ ಬಂದರು. ಚಹಾ ಮಾಡಿದ್ದು ನಾನು.

ಆರು ವರ್ಷದ ಹಿಂದೆ, ನಾನು ರಜೆಗೆ ಊರಿಗೆ ಬಂದಾಗ, ಪಕ್ಷದವರು ನಗರಸಭೆಗೆ ನಿಲ್ಲಿ ಎಂದು ಕೇಳಿದ್ದು ನನ್ನನ್ನು. ಕೆಲಸ ಬಿಡಲು ಧೈರ್ಯವಾಗಲಿಲ್ಲ. ನನ್ನ ತಂಗೀನ ಕೇಳಿ, ಊರಿನ ಅರ್ಧ ಮಕ್ಕಳನ್ನ ಕೈಯಲ್ಲಿ ಹಿಡಿದವಳು ಅವಳು ಎಂದು ತಮಾಷೆಗೆ ಅಂದೆ. ತಮಾಷೆ ಎಲ್ಲಿಯವರೆಗೆ ಬಂತು ನೋಡು.

ಒಳ್ಳೆಯದಾಗಲಿ.

ಅಕ್ಕ


ಜೂನ್ ೨೧

ಅಕ್ಕಾ,

ತಪ್ಪಿದ್ದರೆ ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕಳಿಸು, ಬೇಜಾರಿಲ್ಲ.

ನೀನು ಹೇಳಿದ ಹಾಗೆ ನಿನ್ನ ಕಡೆ ನೋಡಲಿಲ್ಲ. ಎಷ್ಟು ಕಷ್ಟವಾಯಿತು ಗೊತ್ತಾ? ಅಷ್ಟು ದೊಡ್ಡ ಹಾಲಿನಲ್ಲಿ ನನಗೆ ಪರಿಚಯವಿದ್ದ ತಲೆ ನಿನ್ನದೊಂದೇ. ಮೊದಲ ದಿನ ಯಾರದೋ ಜಾಗದಲ್ಲಿ ಕೂತುಬಿಟ್ಟೆ. ಆ ಹಿರಿಯರು ಬಂದು ನಿಂತರು, ಕನ್ನಡಕ ಒರೆಸುತ್ತಾ ನಿಂತೇ ಇದ್ದರು. ಎದ್ದು ಓಡಿದೆ. ಹೆಂಗಸರ ಶೌಚಾಲಯ ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಹೆರಿಗೆ ವಾರ್ಡಿನಲ್ಲಿ ಅಷ್ಟು ಕೂಗಾಟವಾದರೆ ಕೊನೆಗೊಂದು ಮಗುವಾದರೂ ಹುಟ್ಟುತ್ತದೆ. ಇಲ್ಲಿ ಸಾಯಂಕಾಲ ಎಲ್ಲರೂ ಬರಿಗೈಯಲ್ಲಿ ಎದ್ದು ಹೋದರು. ಮೂರು ದಿನ ಕೈ ಎತ್ತಿದೆ, ಸಭಾಧ್ಯಕ್ಷರಿಗೆ ಕಾಣಿಸಲೇ ಇಲ್ಲ.

ನಮ್ಮ ಊರಿನ ಆಸ್ಪತ್ರೆಯ ವಿಷಯ ಎತ್ತಬೇಕು. ಆಪರೇಷನ್ ಕೋಣೆ ಇದೆ, ದೀಪ ಇದೆ, ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ಎಂಟು ವರ್ಷದಿಂದ ಇಲ್ಲ. ಸಿಸೇರಿಯನ್ ಅಂದರೆ ವ್ಯಾನಿಗೆ ಹಾಕಿ ಎರಡು ಗಂಟೆ ದಾರಿ. ನಾನು ನರ್ಸಾಗಿದ್ದಾಗ ಹಾಗೆ ಎಷ್ಟು ಜನರ ಜೊತೆ ಹೋಗಿದ್ದೇನೆ ಲೆಕ್ಕವಿಲ್ಲ. ಹೇಗೆ ಮಾತಾಡಬೇಕು ಅಂತ ನೀನೇ ಹೇಳಿಕೊಡು. ಮಾತು ನಿನ್ನದು ಅಕ್ಕಾ, ನಂದು ಬರೀ ಬಾಯಿ.

ಒಂದು ಭಾನುವಾರ ಊಟಕ್ಕಾದರೂ ಬಾ. ಯಾರೂ ನೋಡುವುದಿಲ್ಲ.

ನಿನ್ನ ಪುಟ್ಟಿ


ಜುಲೈ ೩

ಪುಟ್ಟಿ,

ಊಟಕ್ಕೆ ಬರಲಾರೆ. ಕಾರಣ ಬರೆದಿದ್ದೇನೆ.

ಆಸ್ಪತ್ರೆಯ ವಿಷಯದ ಭಾಷಣ ಜೊತೆಗಿದೆ, ನಾಲ್ಕು ಹಾಳೆ. ಮೂರು ದಿನ ಕೂತು ಬರೆದೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಗೀಟು ಹಾಕಿದ್ದೇನೆ. ಎರಡನೆಯ ಹಾಳೆಯ ಕೊನೆಯ ವಾಕ್ಯವನ್ನು ನಿಧಾನವಾಗಿ ಹೇಳು. ಅಂಥ ವಾಕ್ಯವನ್ನು ನಾನು ಆ ಸದನದಲ್ಲಿ ಇಷ್ಟು ವರ್ಷದಲ್ಲಿ ಕೇಳಿಲ್ಲ.

ಪತ್ರಿಕೆಯಲ್ಲಿ ಬಂದ ನಿನ್ನ ಫೋಟೊವನ್ನು ಅಮ್ಮ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ನನ್ನ ಸೀರೆ ಇರುವ ಬೀರು. ದಿನಾ ಬೆಳಿಗ್ಗೆ ನಿನ್ನ ಮುಖ ನೋಡಿಯೇ ಬಾಗಿಲು ತೆಗೆಯಬೇಕು. ನಿನ್ನೆ ಕೆಲಸದಿಂದ ಬಂದ ಕೂಡಲೇ, ಇವತ್ತು ಅವಳು ಏನು ಮಾತಾಡಿದಳೇ ಎಂದು ಕೇಳಿದರು. ಏನೂ ಮಾತಾಡಲಿಲ್ಲ ಎಂದೆ. 'ಹಂಗಾದ್ರೆ ನೀನು ಇಡೀ ದಿನ ಏನ್ ಬರ್ದೆ?' ಎಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಭಾಷಣವನ್ನು ಬಾಯಿಪಾಠ ಮಾಡು.

ಅಕ್ಕ


ಜುಲೈ ೧೯

ಅಕ್ಕಾ,

ಬೈಯಬೇಡ. ನಿನ್ನ ಹಾಳೆಗಳು ಕೈಯಲ್ಲೇ ಇದ್ದವು. ಮೊದಲ ಸಾಲು ಓದಿದೆ, ನಾಲಿಗೆ ಹೊರಳಲಿಲ್ಲ. ಅಷ್ಟು ಚೆಂದದ ಮಾತು ನನ್ನ ಬಾಯಲ್ಲಿ ಬೇರೆ ಯಾರದೋ ಬಟ್ಟೆ ಹಾಕಿಕೊಂಡ ಹಾಗೆ ಆಯಿತು. ಹಾಳೆ ಕೆಳಗಿಟ್ಟು, ನೋವು ತಿನ್ನುತ್ತಿರುವವಳನ್ನು ವ್ಯಾನಿಗೆ ಹತ್ತಿಸುವುದು ಹೇಗೆ, ದಾರಿಯಲ್ಲಿ ಅವಳು ಏನೇನು ಕೇಳುತ್ತಾಳೆ, ನಾವು ಏನೇನು ಸುಳ್ಳು ಹೇಳುತ್ತೇವೆ ಅನ್ನುವುದನ್ನು ಹೇಳುತ್ತಾ ಹೋದೆ. ಎಲ್ಲರೂ ಸುಮ್ಮನಾಗಿಬಿಟ್ಟರಲ್ಲ, ಆಗ ನನಗೇ ಹೆದರಿಕೆಯಾಯಿತು, ಏನಾದರೂ ತಪ್ಪು ಮಾತಾಡಿದೆನಾ ಅಂತ.

ಆಮೇಲೆ ಎರಡೂ ಕಡೆಯವರು ಎದ್ದು ಕೂಗಾಡಿದ್ದು ನೀನೇ ನೋಡಿದೆ. ಆ ಕೂಗಾಟದಲ್ಲೇ ಆರೋಗ್ಯ ಮಂತ್ರಿಗಳು ಎದ್ದು, ಒಂದು ತಿಂಗಳಲ್ಲಿ ಅರಿವಳಿಕೆ ಡಾಕ್ಟರನ್ನು ಅಲ್ಲಿಗೆ ಹಾಕಿಸುತ್ತೇನೆ, ಇದು ಸದನಕ್ಕೆ ಕೊಡುವ ಮಾತು ಅಂದರಲ್ಲ! ಅವರು ಮೈಕು ಒತ್ತಿರಲಿಲ್ಲ, ಸುಮಾರು ಜನಕ್ಕೆ ಕೇಳಿಸಲೇ ಇಲ್ಲವಂತೆ. ಕೇಳಿಸದಿದ್ದರೆ ಬಿಡಲಿ. ನೀನು ನಾಲ್ಕು ಮಾರು ದೂರದಲ್ಲಿ ಕೂತು ಬರೆಯುತ್ತಿದ್ದೆ, ಅಷ್ಟು ಸಾಕು.

ಆ ದಿನದ ನಡವಳಿಯ ಕರಡು ತಿದ್ದಿಕೊಡಿ ಅಂತ ಬಂತು. ಊರಿಗೆ ಹೊರಟಿದ್ದೆ, ಓದದೆ ಸಹಿ ಹಾಕಿ ಕಳಿಸಿದೆ. ನೀನು ಬರೆದದ್ದಲ್ಲವಾ, ನಾನೇನು ತಿದ್ದಲಿ?

ಪುಟ್ಟಿ


ಆಗಸ್ಟ್ ೨

ಪುಟ್ಟಿ,

ಕಾಗದ ತಲುಪಿತು. ಭಾಷಣ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಮುಖ್ಯ ವರದಿಗಾರರೂ ಹೇಳಿದರು. ಅಮ್ಮನಿಗೆ ಎರಡು ಸಲ ಓದಿ ಹೇಳಬೇಕಾಯಿತು. ಕರಡನ್ನು ಓದದೆ ಸಹಿ ಹಾಕುವುದು ಒಳ್ಳೆಯ ಅಭ್ಯಾಸವಲ್ಲ.

ಇಲ್ಲಿ ಮಳೆ ಹೆಚ್ಚು. ಬೇರೆ ವಿಶೇಷವಿಲ್ಲ.

ಅಕ್ಕ


ಅಕ್ಟೋಬರ್ ೧೪

ಅಕ್ಕಾ,

ಆಗಸ್ಟ್ ಮುಗಿಯಿತು, ಸೆಪ್ಟೆಂಬರ್ ಮುಗಿಯಿತು, ಡಾಕ್ಟರು ಬರಲಿಲ್ಲ. ಮೂರು ಸಲ ಮಂತ್ರಿಗಳ ಕಚೇರಿಗೆ ಹೋದೆ. ನೋಡೋಣ ಅಂದರು, ನೋಡೋಣ ಅಂದರು, ಆಮೇಲೆ ಯಾವ ಡಾಕ್ಟರು ಅಂದರು.

ಕಳೆದ ವಾರ ನಮ್ಮ ಆಸ್ಪತ್ರೆಗೆ ಹಿಂದಿನ ಬೀದಿಯ ಟೈಲರ್ ಹೆಂಗಸು ಬಂದಿದ್ದಳು. ಮಗು ಅಡ್ಡ ತಿರುಗಿತ್ತು. ನಾನು ಸಭೆಗೆಂದು ಊರಿನಲ್ಲೇ ಇದ್ದೆ, ನನಗೆ ಹೇಳಿಕಳಿಸಿದರು. ಶಾಸಕಿ ಅಂತ ಅಲ್ಲ, ಹಳೆಯ ನರ್ಸಮ್ಮ ಅಂತ. ವ್ಯಾನಿನಲ್ಲಿ ಜೊತೆಗೆ ಹೋದೆ. ಅರ್ಧ ದಾರಿಯಲ್ಲಿ ಮಗುವಿನ ಎದೆಬಡಿತ ನಿಂತಿತು. ನನಗೆ ಗೊತ್ತಾಯಿತು, ಅವಳಿಗೆ ಹೇಳಲಿಲ್ಲ. ಇನ್ನೂ ಒಂದು ಗಂಟೆ ಅವಳು ನನ್ನ ಕೈ ಹಿಡಿದುಕೊಂಡು, ಮಗು ಚೆನ್ನಾಗಿದೆಯಲ್ವಾ ನರ್ಸಮ್ಮ ಅಂತ ಕೇಳುತ್ತಲೇ ಇದ್ದಳು. ಅವಳು ಉಳಿದಳು.

ವಾಪಸ್ ಬಂದವಳೇ ಮಂತ್ರಿಗಳ ಎದುರು ಹೋಗಿ ನಿಂತೆ. ನಾನು ಹಾಗೆ ಮಾತು ಕೊಟ್ಟೇ ಇಲ್ಲ, ನಡವಳಿ ತೆಗೆದು ನೋಡಿ ಅಂದರು. ತೆಗೆಸಿ ನೋಡಿದೆ. ನನ್ನ ಮಾತು ಇದೆ. ಆಮೇಲೆ ಕಂಸದಲ್ಲಿ 'ಗದ್ದಲ' ಅಂತಿದೆ. ಆಮೇಲೆ ಬೇರೆ ಯಾರದೋ ಪ್ರಶ್ನೆ.

ಆ ಐದು ನಿಮಿಷ ನಿನ್ನ ಸರದಿ ಅಲ್ಲವಾ ಅಕ್ಕಾ? ನಿನಗೆ ಕೇಳಿಸಲಿಲ್ಲವಾ?

ಪುಟ್ಟಿ


ಅಕ್ಟೋಬರ್ ೨೨

ಪುಟ್ಟಿ,

ಟೈಲರ್ ಹೆಂಗಸಿನ ವಿಷಯ ಓದಿ ಬೇಸರವಾಯಿತು.

ಕೇಳಿಸಿದ್ದನ್ನು ಬರೆಯುವುದು, ಕೇಳಿಸದಿದ್ದರೆ ಗದ್ದಲ ಎಂದು ಹಾಕುವುದು, ಇದು ನಮ್ಮ ನಿಯಮ. ಆ ದಿನ ಬಹಳ ಕೂಗಾಟವಿತ್ತು. ನಿನಗೆ ಒಂದು ಬುದ್ಧಿಮಾತು: ಸದನದಲ್ಲಿ ಮಂತ್ರಿ ಸುಳ್ಳು ಹೇಳಿದರು ಎನ್ನಬೇಡ. ಆ ಶಬ್ದ ಅಲ್ಲಿ ನಿಷಿದ್ಧ. ಆಧಾರವಿಲ್ಲದೆ ಅಂದರೆ ಕ್ಷಮೆ ಕೇಳಬೇಕಾಗುತ್ತದೆ.

ಅಕ್ಕ


ನವೆಂಬರ್ ೧೭

ಪುಟ್ಟಿ,

ಇದನ್ನು ಒಬ್ಬಳೇ ಇದ್ದಾಗ ಓದು.

ನನಗೆ ಕೇಳಿಸಿತ್ತು. ಒಂದೊಂದು ಅಕ್ಷರವೂ ಕೇಳಿಸಿತ್ತು. ಕೈ ತನ್ನ ಪಾಡಿಗೆ ತಾನು ಬರೆದೂ ಇತ್ತು. ನೋಟ್‌ಬುಕ್ಕಿನಲ್ಲಿ ಆ ವಾಕ್ಯ ಇದೆ. ಮಹಡಿಗೆ ಹೋಗಿ ಟೈಪ್ ಮಾಡುವಾಗ ಬಿಟ್ಟೆ.

ಯಾಕೆ ಎಂದು ಹೇಳುತ್ತೇನೆ. ನಾನು ಬರೆದುಕೊಟ್ಟ ಹಾಳೆಗಳನ್ನು ನೀನು ಕೆಳಗಿಟ್ಟದ್ದು ಕಂಡಿತು. ಆಮೇಲೆ ನೀನು ಮಾತಾಡಿದೆ. ವಾಕ್ಯ ಶುರು ಮಾಡಿ ಮುಗಿಸುತ್ತಿರಲಿಲ್ಲ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಆದರೂ ಇಡೀ ಸದನ ಉಸಿರು ಹಿಡಿದು ಕೂತಿತು. ಅಂಥ ಮೌನವನ್ನು ನಾನು ಅಲ್ಲಿ ಮೊದಲ ಸಲ ಕೇಳಿದ್ದು. ನನ್ನ ವಾಕ್ಯಕ್ಕೆ ಬರಲಿ ಎಂದು ಆಸೆಪಟ್ಟಿದ್ದ ಮೌನ ಅದು. ಆಮೇಲೆ ಮಂತ್ರಿ ಎದ್ದು ಮಾತು ಕೊಟ್ಟರು. ಮೊದಲ ಭಾಷಣಕ್ಕೇ ಇವಳು ಮಂತ್ರಿಯ ಬಾಯಿಂದ ಮಾತು ತೆಗೆಸಿದಳು. ನಾಳೆ ಅಮ್ಮ, ಪತ್ರಿಕೆ, ಕೆಳಗಿನ ಮನೆಯವರು, ಎಲ್ಲರೂ ಇದನ್ನೇ ಹಾಡುತ್ತಾರೆ ಎಂದುಕೊಂಡೆ. ಡಾಕ್ಟರು ಬರುವುದು ಬೇಡ ಎಂದು ನಾನು ಬಯಸಲಿಲ್ಲ ಪುಟ್ಟಿ. ಡಾಕ್ಟರ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ನಿನ್ನ ಭಾಷಣ ಗೆದ್ದದ್ದು ಕಾಗದದ ಮೇಲೆ ಇರಬಾರದು, ಅಷ್ಟೇ. 'ಗದ್ದಲ' ಎಂದು ಟೈಪ್ ಮಾಡಿದೆ.

ಇನ್ನೂ ಇದೆ. ಮೊನ್ನೆ ನೀನು ಮಂತ್ರಿ ಸುಳ್ಳುಗಾರ ಎಂದುಬಿಟ್ಟೆ. ಆಧಾರ ಎಲ್ಲಿ ಎಂದು ಸಭಾಧ್ಯಕ್ಷರು ಕೇಳಿದರು. ಇಲ್ಲದಿದ್ದರೆ ನಾಳೆ ಹನ್ನೊಂದು ಗಂಟೆಗೆ ಕ್ಷಮೆ ಕೇಳಿ ಎಂದರು. ಆ ಹನ್ನೊಂದು ಗಂಟೆ ನನ್ನ ಸರದಿಯಾಗಿರಲಿಲ್ಲ. ಪಕ್ಕದವಳನ್ನು ಕೇಳಿ ಬದಲಾಯಿಸಿಕೊಂಡೆ. ನೋಡಬೇಕಾಗಿತ್ತು ನನಗೆ.

ನೀನು ಎದ್ದು ನಿಂತೆ. ಎದುರಿನವರು ಮೇಜು ಕುಟ್ಟುತ್ತಿದ್ದರು. 'ನನ್ನ ಮಾತನ್ನು ವಾಪಸ್ ತಗೋತೀನಿ, ಕ್ಷಮೆ ಕೇಳ್ತೀನಿ' ಎಂದೆ. ಆಮೇಲೆ, ನಾನು ಎಷ್ಟು ಬೇಡವೆಂದಿದ್ದರೂ, ನನ್ನ ಕಡೆ ನೋಡಿದೆ. ಸಿಟ್ಟಿನಿಂದ ಅಲ್ಲ. ಬರ್ಕೊಂಡೆಯಾ, ನಿಧಾನವಾಗಿ ಹೇಳಲಾ ಎನ್ನುವ ಹಾಗೆ ನೋಡಿದೆ. ನನ್ನ ಪೆನ್ಸಿಲ್ ಓಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ನೋಟ್‌ಬುಕ್ಕನ್ನು ಬೀರುವಿನಿಂದ ತೆಗೆದು ನಾಳೆ ಬೆಳಿಗ್ಗೆ ಮುಖ್ಯ ವರದಿಗಾರರ ಮೇಜಿನ ಮೇಲಿಡುತ್ತೇನೆ.

ಕ್ಷಮೆ ಎಂಬ ಶಬ್ದವನ್ನು ನಿನಗೆ ಬರೆಯಲು ಈಗ ನನಗೆ ಮುಖವಿಲ್ಲ.

ಅಕ್ಕ


ಡಿಸೆಂಬರ್ ೯

ಪುಟ್ಟಿ,

ನಿನ್ನಿಂದ ಕಾಗದ ಬರಲಿಲ್ಲ. ಬರುತ್ತದೆಂದು ಕಾದೂ ಇರಲಿಲ್ಲ. ನಡೆದದ್ದನ್ನು ನನ್ನ ಬಾಯಿಂದಲೇ ನಿನಗೆ ತಿಳಿಸಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ನೋಟ್‌ಬುಕ್ ಕೊಟ್ಟ ಮೇಲೆ ವಿಚಾರಣೆಗೆ ಐವರು ಸದಸ್ಯರ ಸಮಿತಿ ಮಾಡಿದರು. ಉದ್ದನೆಯ ಮೇಜು, ಆ ಕಡೆ ಐವರು, ಈ ಕಡೆ ನಾನು. ಬರೆದುಕೊಳ್ಳಲು ನಮ್ಮ ವಿಭಾಗದವಳೇ, ನಾನೇ ಕೆಲಸ ಕಲಿಸಿದವಳು, ಮೂಲೆಯಲ್ಲಿ ಕೂತಿದ್ದಳು. ಮುಖ್ಯ ವರದಿಗಾರರು ನನ್ನ ನೋಟ್‌ಬುಕ್ಕನ್ನು ಗಟ್ಟಿಯಾಗಿ ಓದಿದರು. ಮಂತ್ರಿಯ ವಾಕ್ಯ ಬಂದಾಗ ಅವರ ಕಡೆಯ ಸದಸ್ಯರೊಬ್ಬರು ನಕ್ಕರು. ಇವರು ಶಾಸಕಿಯ ಸ್ವಂತ ಅಕ್ಕ, ತಂಗಿಯ ಮಾನ ಉಳಿಸಲು ಈಗ ಗೀಚಿ ಸೇರಿಸಿದ್ದಾರೆ, ಮಕ್ಕಳಿಗೂ ಅರ್ಥವಾಗುತ್ತದೆ ಎಂದರು.

ಉಳಿದವರೂ ತಲೆಯಾಡಿಸತೊಡಗಿದರು. ನಿಜ ಹೇಳಿದರೂ ಅದು ನಿನಗೇ ಮುಳ್ಳಾಗುತ್ತದೆ ಎಂದು ಆಗ ಹೊಳೆಯಿತು. ನಾನು ಎದ್ದು ನಿಂತೆ. ಅಕ್ಕ ಎಂದ ಮಾತ್ರಕ್ಕೆ ತಂಗಿಯ ಪರ ಎಂದು ಯಾಕೆ ತಿಳಿದಿರಿ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಹಾಗಾಗಿ ಬಿಡಿಸಿ ಹೇಳಿದೆ.

'ನನಗೆ ನನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚು. ಅದಕ್ಕೇ ಬಿಟ್ಟೆ.'

ಎಷ್ಟು ಕಾಲದಿಂದ ಎಂದು ಕೇಳಿದರು. ಅವಳು ಗೆದ್ದ ದಿನದಿಂದ ಎಂದೆ. ಅದೂ ಪೂರ್ತಿ ನಿಜವಲ್ಲವೆನ್ನಿಸಿ, ನಾನು ಬೇಡವೆಂದ ಕುರ್ಚಿಗೆ ಅವಳು ಹೂಂ ಎಂದ ದಿನದಿಂದ ಎಂದು ತಿದ್ದಿದೆ. ಮೂಲೆಯಲ್ಲಿದ್ದವಳು ತಲೆ ಎತ್ತಲಿಲ್ಲ. ಒಂದು ಅಕ್ಷರವನ್ನೂ ಬಿಡದೆ ಬರೆದುಕೊಂಡಳು. ಚೆನ್ನಾಗಿ ಕಲಿಸಿದ್ದೇನೆ.

ಅವರು ನಂಬಿದರು. ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವವರನ್ನು ಜನ ಬೇಗ ನಂಬುತ್ತಾರೆ. ನಡವಳಿಯನ್ನು ತಿದ್ದುವಂತೆ ಆದೇಶವಾಗಿದೆ, ನಿನ್ನ ಕ್ಷಮಾಪಣೆಯನ್ನೂ ತೆಗೆಯುತ್ತಾರೆ. ನನ್ನನ್ನು ಸದನದ ಕೆಲಸದಿಂದ ಬಿಡಿಸಿ, ನೆಲಮಾಳಿಗೆಯ ಸೂಚಿ ವಿಭಾಗಕ್ಕೆ ಹಾಕಿದ್ದಾರೆ. ಯಾವ ಸದಸ್ಯರು ಯಾವ ದಿನ ಏನು ಮಾತಾಡಿದರು ಎಂದು ಪಟ್ಟಿ ಮಾಡುವುದು. ಮುಂದಿನ ವರ್ಷ ಮುಖ್ಯ ವರದಿಗಾರಳಾಗಬೇಕಿತ್ತು, ಅದು ಹೋಯಿತು.

ಪತ್ರಿಕೆಯಲ್ಲಿ ಬಂದದ್ದನ್ನು ಅಮ್ಮ ಓದಿದರು. ಮೂರನೆಯ ದಿನ ತಟ್ಟೆಯ ಮುಂದೆ ಕೂತು, 'ನನ್ನ ಮುಂದೆ ಅವಳನ್ನ ಹೊಗಳ್ಬೇಡ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತಲ್ಲೇ' ಎಂದರು. ಹೇಗೆ ಹೇಳಲಿ ಪುಟ್ಟಿ? ಹೇಳಬಹುದಾದ ಮಾತಾ ಅದು?

ಅಕ್ಕ


ಫೆಬ್ರವರಿ ೩

ಅಕ್ಕಾ,

ಡಾಕ್ಟರು ಬಂದರು. ಹೆಂಗಸು, ಕನ್ನಡಕದವಳು, ಮಾತು ಕಡಿಮೆ. ಸೋಮವಾರ ಮೊದಲ ಸಿಸೇರಿಯನ್ ಆಯಿತು. ನಾನು ಆಪರೇಷನ್ ಕೋಣೆಯ ಹೊರಗೆ ನಿಂತಿದ್ದೆ. ಶಾಸಕಿ ಅಂತ ಕುರ್ಚಿ ತಂದು ಹಾಕಿದರು. ಕೂರಲಾಗಲಿಲ್ಲ.

ಪಕ್ಷದವರು ಇದನ್ನು ನನ್ನ ಗೆಲುವು ಅಂತ ಪೋಸ್ಟರ್ ಹಾಕಬೇಕು ಅಂದರು. ಬೇಡ ಅಂದೆ. ಯಾಕೆ ಅಂತ ಹೇಳಲಿಲ್ಲ.

ನೀನು ಸಮಿತಿಯ ಮುಂದೆ ಹೇಳಿದ್ದನ್ನು ತರಿಸಿ ಓದಿದೆ. ಅಂಥ ಮಾತು ನನಗೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಆದರೆ ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಸದನದಲ್ಲಿ ನನ್ನ ತಲೆ ತಗ್ಗಿದ್ದನ್ನು ಮರೆತೇನು, ಅದು ನನ್ನದು. ಟೈಲರಮ್ಮನ ಮಗು ನನ್ನದಲ್ಲ. ಅದನ್ನು ಮರೆಯುವ ಅಧಿಕಾರ ನನಗಿಲ್ಲ. ನಾನು ದಿನಾ ಆ ಬೀದಿಯಲ್ಲಿ ಓಡಾಡುತ್ತೇನೆ. ಅವಳು ಮಿಶನ್ ತುಳಿಯುತ್ತಲೇ ತಲೆ ಎತ್ತಿ, ನಮಸ್ಕಾರ ನರ್ಸಮ್ಮ ಅನ್ನುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಪತ್ರಿಕೆ ಓದುವವಳಲ್ಲ.

ಪುಟ್ಟಿ


ಮಾರ್ಚ್ ೧

ಪುಟ್ಟಿ,

ನಿನ್ನೆ ರಜೆ ಹಾಕಿ ನಿನ್ನ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಗೆ ಹೋದೆ.

ಅಂಗಡಿ ಸಣ್ಣದು, ಎರಡು ಮಿಶನ್, ಹೊಲಿದು ಗೋಡೆಗೆ ನೇತುಹಾಕಿದ ಶಾಲೆಯ ಸಮವಸ್ತ್ರಗಳು. ರವಿಕೆ ಅಳತೆಗೆ ಬಂದವಳೆಂದುಕೊಂಡು ಟೇಪು ತೆಗೆದಳು. ಯಾವೂರು, ಯಾರ ಕಡೆಯವರು ಎಂದು ಕೇಳಿದಳು. ನಾನು ಶಾಸಕಿಯ ಅಕ್ಕ ಎಂದೆ. ಹಾಗೆಂದು ಯಾರಿಗೂ ನಾನಾಗಿ ಹೇಳಿದವಳಲ್ಲ. ಅವಳ ಮುಖ ಅರಳಿತು. ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂರಿಸಿದಳು. 'ಅವತ್ತು ವ್ಯಾನಲ್ಲಿ ಅವ್ರು ನನ್ನ ಕೈ ಬಿಡ್ಲೇ ಇಲ್ಲ ಕಣಮ್ಮ' ಎಂದಳು.

ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ಮುಚ್ಚಿಡದೆ ಬರೆಯುತ್ತಿದ್ದೇನೆ. ಅಂಥ ಜಾಗದಲ್ಲಿ, ಅಂಥ ಹೊತ್ತಿನಲ್ಲಿ, ಅಂಥ ಮಾತಿಗೂ. ಇದು ಹೋಗುವ ಕಾಯಿಲೆಯಲ್ಲವೆಂದು ಆಗ ಗೊತ್ತಾಯಿತು.

ಅವಳಿಗೆ ಎಲ್ಲವನ್ನೂ ಹೇಳಿದೆ. ಮಂತ್ರಿ ಏನೆಂದರು, ನಾನು ಏನು ಬಿಟ್ಟೆ, ಯಾಕೆ ಬಿಟ್ಟೆ. ಬರೆದಿದ್ದರೆ ಆಗಸ್ಟಿನಲ್ಲೇ ಡಾಕ್ಟರು ಬರಬಹುದಿತ್ತು ಎಂದೂ ಹೇಳಿದೆ. ಅವಳು ಮಿಶನ್ ನಿಲ್ಲಿಸಿದಳು. ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಲು ಹೊರಟೆ. ಅರ್ಥವಾಗಿತ್ತು. ಅತ್ತಳು, ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ಎದ್ದು ಹೋಗಿ' ಎಂದಳು.

ಎದ್ದು ಬಂದೆ. ನಿಲ್ದಾಣದ ತನಕ ನಡೆದೇ ಹೋದೆ. ಅವಳು ಕ್ಷಮಿಸಲಿ ಎಂದು ಹೋಗಿದ್ದೆನಾ? ಹೌದೆಂದೇ ತೋರುತ್ತದೆ. ಅದೂ ನನ್ನ ಸ್ವಾರ್ಥವೇ. ಆದರೂ ಅವಳಿಗೆ ಗೊತ್ತಿರಬೇಕಾದದ್ದು ಈಗ ಗೊತ್ತಿದೆ. ಇನ್ನು ಮೇಲೆ ನಿನಗೆ ಆ ಬೀದಿಯಲ್ಲಿ ನಮಸ್ಕಾರ ಸಿಗದೆ ಹೋಗಬಹುದು, ಅದೂ ನನ್ನಿಂದಲೇ.

ನಿನ್ನನ್ನು ನೋಡಬೇಕು ಪುಟ್ಟಿ. ಬೇಡವೆಂದರೆ ಬರುವುದಿಲ್ಲ.

ಅಕ್ಕ


ಮಾರ್ಚ್ ೬

ಅಕ್ಕಾ,

ಟೈಲರಮ್ಮ ಮೂರು ದಿನ ಅಂಗಡಿ ತೆಗೆಯಲಿಲ್ಲ. ನಾಲ್ಕನೆಯ ದಿನ ನಾನೇ ಹೋಗಿ ಬಾಗಿಲು ತಟ್ಟಿದೆ. ತೆಗೆದಳು. ನಿಮಗೂ ಗೊತ್ತಿತ್ತಾ ಅಂತ ಕೇಳಿದಳು. ಗೊತ್ತಿತ್ತು, ಹೇಳುವ ಧೈರ್ಯವಾಗಲಿಲ್ಲ ಅಂದೆ. 'ಅವ್ರಿಗಾದ್ರೂ ಆಯ್ತಲ್ಲ' ಅಂದಳು. ಒಳಗೆ ಕರೆಯಲಿಲ್ಲ.

ಈ ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಸಹಾಯಕನಿಗೆ ರಜೆ ಕೊಟ್ಟಿದ್ದೇನೆ, ಯಜಮಾನರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುತ್ತಾರೆ. ಬಾ.

ಅಮ್ಮನನ್ನು ಕರೆತರಬೇಡ. ಅವರಿದ್ದರೆ ನನಗೆ ಬೈಯಲಾಗುವುದಿಲ್ಲ, ಬೈಯುವುದು ಬಹಳ ಇದೆ. ಬೆಳಿಗ್ಗೆಯ ಬಸ್ಸಿಗೇ ಹೊರಡು.

ಪುಟ್ಟಿ